ಸರ್ಕಾರಿ ಶಾಲೆಯ ಬೆಳಗಿನ ಸಾಲಿನಲ್ಲಿ ದೇವರ ಪ್ರಾರ್ಥನೆ ಬೇಕಾ? ಉತ್ತರ ಕನ್ನಡದವರು ಹೇಳಿ

ಕಾಳಿ ತೀರ, ಕಾರವಾರ

ಬರುವ ಶನಿವಾರ ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಇದೆ. ನಾನು ಪಾಲಕರ ಕಡೆಯಿಂದ ಸಮಿತಿಯಲ್ಲಿದ್ದೇನೆ. ಬೆಳಗಿನ ಪ್ರಾರ್ಥನೆಯ ಬಗ್ಗೆ ಎರಡು ಬೇಡಿಕೆ ಬಂದಿವೆ. ನಾಡಗೀತೆಗೆ ಮೊದಲು ದಿನಾ ಒಂದು ಶ್ಲೋಕ ಹೇಳಿಸಿ ಎಂದು ಕೆಲವರು. ಹಾಗಾದರೆ ವಾರದ ಒಂದೊಂದು ದಿನ ಒಂದೊಂದು ಧರ್ಮದ ಪ್ರಾರ್ಥನೆ ಇಡಿ, ಯಾರಿಗೂ ಬೇಜಾರಾಗುವುದಿಲ್ಲ ಎಂದು ಇನ್ನು ಕೆಲವರು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಎರಡೂ ಬೇಡ. ನಾನು ದೇವರನ್ನು ನಂಬುವವಳು. ಮನೆಯಲ್ಲಿ ದಿನಾ ದೀಪ ಹಚ್ಚುತ್ತೇನೆ. ಆದರೆ ಮಾಸ್ತರು ಮುಂದೆ ನಿಂತು ಹೇಳಿಸುವ ಪ್ರಾರ್ಥನೆ ಏಳು ವರ್ಷದ ಮಗುವಿಗೆ ಅಪ್ಪಣೆಯ ಹಾಗೇ ಕೇಳಿಸುತ್ತದೆ. ಮಗ್ಗಿ ಹೇಳು ಎನ್ನುವ ದನಿಯಲ್ಲೇ ಕೈ ಮುಗಿ ಎನ್ನುವ ಮಾತೂ ಬರುತ್ತದೆ. ನಾನು ಹೇಳುವುದಿಲ್ಲ ಎನ್ನುವ ಧೈರ್ಯ ಯಾವ ಮಗುವಿಗೆ ಬರುತ್ತದೆ?

ನಮ್ಮ ಶಾಲೆಯಲ್ಲಿ ಮೀನುಗಾರರ ಮಕ್ಕಳಿದ್ದಾರೆ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮಕ್ಕಳಿದ್ದಾರೆ, ಮುಸ್ಲಿಂ ಮಕ್ಕಳಿದ್ದಾರೆ, ಕೆಲಸ ಹುಡುಕಿ ಬೇರೆ ರಾಜ್ಯದಿಂದ ಬಂದವರ ಮಕ್ಕಳೂ ಇದ್ದಾರೆ. ಸದಾಶಿವಗಡದಲ್ಲಿ ದುರ್ಗಾದೇವಿಯ ಗುಡಿಯೂ ಇದೆ, ದರ್ಗಾವೂ ಇದೆ. ಅಲ್ಲಿಗೆ ಯಾರೂ ಯಾರನ್ನೂ ಸಾಲಿನಲ್ಲಿ ನಿಲ್ಲಿಸಿ ಕರೆದುಕೊಂಡು ಹೋಗುವುದಿಲ್ಲ. ಇಷ್ಟ ಇದ್ದವರು ಹೋಗುತ್ತಾರೆ. ಶಾಲೆ ಹಾಗಲ್ಲ, ಅಲ್ಲಿಗೆ ಎಲ್ಲ ಮಕ್ಕಳೂ ಬರಲೇಬೇಕು.

ಸಭೆಯಲ್ಲಿ ಸರಿಯಾಗಿ ಮಾತಾಡಬೇಕು ಅಂತಿದ್ದೇನೆ. ಒಪ್ಪದವರೂ ಬರೆಯಿರಿ.

ಘಟ್ಟದ ಮೇಲಿನವ, ಶಿರಸಿ

ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪ ಬೆಳಗಿನ ಜಾವವೇ ದೋಣಿಗೆ ಹೋಗುತ್ತಾನೆ, ಅಮ್ಮ ಮೀನು ಮಾರಲು ಪೇಟೆಗೆ. ನಮ್ಮ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಕೂಲಿಗೆ ಹೋಗುವವರ ಮನೆಯೂ ಹಾಗೇ. ಮಗು ಒಂದೇ ಎದ್ದು, ತಿಂದು, ಶಾಲೆಗೆ ಬರುತ್ತದೆ. ಅದಕ್ಕೆ ಒಳ್ಳೆಯ ಮಾತು, ಭಕ್ತಿಯ ಮಾತು ಕಿವಿಗೆ ಬೀಳುವುದು ಶಾಲೆಯಲ್ಲೇ. ಅದನ್ನೂ ತೆಗೆದರೆ ಉಳಿಯುವುದು ಮೊಬೈಲು.

ಇನ್ನೊಂದು ವಿಷಯ. ಖಾಸಗಿ ಶಾಲೆಗಳಲ್ಲಿ ಎಲ್ಲ ಕಡೆ ಪ್ರಾರ್ಥನೆ ಇದೆ. ಕಾನ್ವೆಂಟಿನಲ್ಲಿ ಅವರದ್ದು, ಮಠದ ಶಾಲೆಯಲ್ಲಿ ಇವರದ್ದು. ದುಡ್ಡಿದ್ದವರು ತಮಗೆ ಬೇಕಾದ ಸಂಸ್ಕಾರ ಕೊಂಡುಕೊಳ್ಳುತ್ತಾರೆ. ಬಡವರ ಮಕ್ಕಳಿಗೆ ಮಾತ್ರ ಏನೂ ಇಲ್ಲದ ಬೆಳಗು. ಇದು ನ್ಯಾಯವಾ?

ಶಿರಸಿಯಲ್ಲಿ ಸರ್ಕಾರಿ ಪ್ರೌಢಶಾಲೆಗೇ ಮಾರಿಕಾಂಬೆಯ ಹೆಸರಿದೆ. ಯಾವ ಧರ್ಮದ ಹುಡುಗನೂ ಆ ಹೆಸರಿನಿಂದ ಕೆಟ್ಟದ್ದಾಯಿತು ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಈ ನೆಲದ ರೂಢಿಯನ್ನು ಧರ್ಮಪ್ರಚಾರ ಎಂದು ನೋಡುವುದು ಸರಿಯಲ್ಲ.

ಅಂಕೋಲೆಯ ಹುಡುಗ

ಕಾನೂನು ಓದುತ್ತಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಸಂವಿಧಾನದ 28ನೇ ವಿಧಿಯಲ್ಲಿ ಮೂರು ಭಾಗ ಇದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು, ಇದು ಮೊದಲನೆಯದು. ದತ್ತಿ ಅಥವಾ ಟ್ರಸ್ಟಿನಿಂದ ಹುಟ್ಟಿ, ಧಾರ್ಮಿಕ ಬೋಧನೆ ಇರಬೇಕು ಎಂಬ ಷರತ್ತಿರುವ ಸಂಸ್ಥೆಯನ್ನು ಸರ್ಕಾರ ನಡೆಸುತ್ತಿದ್ದರೆ ಅದಕ್ಕೆ ವಿನಾಯಿತಿ, ಇದು ಎರಡನೆಯದು. ಮೂರನೆಯದು ಅನುದಾನಿತ ಮತ್ತು ಮಾನ್ಯತೆ ಪಡೆದ ಶಾಲೆಗಳಿಗೂ ಸೇರಿ. ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ. ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು.

ಅಂದರೆ ಕಾನ್ವೆಂಟಿನಲ್ಲಾಗಲಿ ಮಠದ ಶಾಲೆಯಲ್ಲಾಗಲಿ ಪ್ರಾರ್ಥನೆ ಇರಬಹುದು, ಆದರೆ ನಿಮ್ಮ ಮಗುವನ್ನು ಬಲವಂತ ಮಾಡುವಂತಿಲ್ಲ. ಇದು ಎಷ್ಟೋ ಪಾಲಕರಿಗೆ ಗೊತ್ತೇ ಇಲ್ಲ. 2022ರಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯಲ್ಲಿ ಬೈಬಲ್ ತರುವ ವಿಷಯಕ್ಕೆ ಗಲಾಟೆ ಆದಾಗ ಎದ್ದ ಪ್ರಶ್ನೆಯೂ ಇದೇ. ಅಲ್ಲಿ ಹಿಂದೂ ಪಾಲಕರಿಗೆ ಯಾವ ರಕ್ಷಣೆ ಬೇಕಿತ್ತೋ, ಕಾರವಾರದ ಸರ್ಕಾರಿ ಶಾಲೆಯಲ್ಲಿ ಉಳಿದವರಿಗೂ ಅದೇ ರಕ್ಷಣೆ ಬೇಕು, ಅಲ್ವಾ?

ಸಂವಿಧಾನ ಸಭೆಯಲ್ಲಿ ಇದು 1948ರ ಡಿಸೆಂಬರಿನಲ್ಲಿ ಚರ್ಚೆಗೆ ಬಂತು. ಸರ್ಕಾರಿ ಶಾಲೆಯಲ್ಲಿ ಧಾರ್ಮಿಕ ಬೋಧನೆ ಏಕೆ ಬೇಡ ಎಂದು ಅಂಬೇಡ್ಕರ್ ಕಾರಣ ಕೊಟ್ಟರು. ತೆರಿಗೆ ಹಣವನ್ನು ಒಂದು ಧರ್ಮಕ್ಕೆ ಬಳಸಬಾರದು ಎಂಬ ನಿಯಮ ಆಗಲೇ ಒಪ್ಪಿಗೆಯಾಗಿತ್ತು. ಇಷ್ಟೊಂದು ಧರ್ಮಗಳಿರುವ ದೇಶದಲ್ಲಿ ಎಲ್ಲರಿಗೂ ಅವರವರ ಬೋಧನೆ ಕೊಡುವುದು ಸರ್ಕಾರದ ಕೈಲಾಗದು. ಒಂದೊಂದು ಧರ್ಮವೂ ತನ್ನದೇ ಸರಿ ಎನ್ನುವುದರಿಂದ ಶಾಲೆಯ ಶಾಂತಿಯೂ ಕೆಡುತ್ತದೆ. ದಿನಕ್ಕೊಂದು ಧರ್ಮ ಎನ್ನುವವರು ಎರಡನೇ ಕಾರಣವನ್ನು ಸರಿಯಾಗಿ ಓದಬೇಕು. ಜೈನರಿಗೆ ಯಾವ ದಿನ? ಮುಂಡಗೋಡದ ಟಿಬೆಟಿಯನ್ನರಿಗೆ ಯಾವ ದಿನ? ಲಿಂಗಾಯತರು ಬೇರೆ ದಿನ ಕೇಳಿದರೆ? ದೇವರೇ ಬೇಡ ಎನ್ನುವ ಮನೆಯವರಿಗೆ?

ಕೈಗಾ ಕಾಲನಿ

ಕೇಂದ್ರೀಯ ವಿದ್ಯಾಲಯಗಳಲ್ಲಿ 'ಅಸತೋ ಮಾ ಸದ್ಗಮಯ' ಹೇಳಿಸುತ್ತಾರೆ. ನನ್ನ ಮಕ್ಕಳು ಅಲ್ಲೇ ಓದಿದವರು. ಅದರಲ್ಲಿ ಯಾವ ದೇವರ ಹೆಸರೂ ಇಲ್ಲ. ಕತ್ತಲಿನಿಂದ ಬೆಳಕಿಗೆ ಕರೆದುಕೊಂಡು ಹೋಗು ಎನ್ನುವುದು ಯಾವ ಧರ್ಮಕ್ಕೆ ಬೇಡವಾದ ಮಾತು? ಇದಕ್ಕೂ ಕೇಸು ಹಾಕಿದ್ದಾರಲ್ಲ.

ಅಂಕೋಲೆಯ ಹುಡುಗ

ಹೌದು, ಆ ಕೇಸು ಸುಪ್ರೀಂ ಕೋರ್ಟಿಗೆ ಹೋಗಿದೆ. 2018ರ ಜನವರಿಯಲ್ಲಿ ನೋಟಿಸ್ ಕೊಟ್ಟರು. 2019ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಇದನ್ನು ಸಂವಿಧಾನ ಪೀಠವೇ ನೋಡಬೇಕು ಎಂದಿತು. ಸುಪ್ರೀಂ ಕೋರ್ಟಿನ ಲಾಂಛನದಲ್ಲೇ 'ಯತೋ ಧರ್ಮಸ್ತತೋ ಜಯಃ' ಇದೆ, ಸಂಸ್ಕೃತದಲ್ಲಿದ್ದ ಮಾತ್ರಕ್ಕೆ ಅದು ಧಾರ್ಮಿಕ ಆಗಿಬಿಡುತ್ತದಾ ಎಂದು ಸಾಲಿಸಿಟರ್ ಜನರಲ್ ಕೇಳಿದ್ದರು. ಒಳ್ಳೆಯ ಪ್ರಶ್ನೆಯೇ. ಪ್ರಾರ್ಥನೆ 'ಬೋಧನೆ'ಯೊಳಗೆ ಬರುತ್ತದಾ ಎನ್ನುವುದೇ ಅಲ್ಲಿನ ವಿವಾದ.

ಕಾಳಿ ತೀರ, ಕಾರವಾರ

ಕೈಗಾ ಕಾಲನಿಯವರೇ, ಆ ಸಾಲು ನನಗೂ ತುಂಬಾ ಇಷ್ಟ. ಬೃಹದಾರಣ್ಯಕ ಉಪನಿಷತ್ತಿನದು. ಅದನ್ನು ಪಾಠದಲ್ಲಿ ಕಲಿಸಲಿ. ಅರ್ಥ ಹೇಳಲಿ, ಯಾವ ಕಾಲದ್ದು ಎಂದು ಹೇಳಲಿ, ಚರ್ಚೆ ಮಾಡಲಿ. ಮಗು ಪ್ರಶ್ನೆ ಕೇಳಬಹುದು. ಬೆಳಗಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೈ ಮುಗಿದು ಹೇಳುವಾಗ ಪ್ರಶ್ನೆಗೆ ಜಾಗ ಇಲ್ಲ. ನನ್ನ ತಕರಾರು ಮುಚ್ಚಿದ ಕಣ್ಣು, ಮುಗಿದ ಕೈ, ಎದುರಿಗೆ ನಿಂತ ಮಾಸ್ತರು, ಇವು ಮೂರೂ ಒಟ್ಟಿಗೆ ಸೇರುವುದರ ಬಗ್ಗೆ. ಆ ಉಪನಿಷತ್ತಿನ ಸಾಲಿನ ಬಗ್ಗೆ ತಕರಾರಿಲ್ಲ.

ಸುಪ್ರೀಂ ಕೋರ್ಟೂ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಧರ್ಮಗಳ ಬಗ್ಗೆ ಕಲಿಸುವುದು ತಪ್ಪಲ್ಲ ಎಂದೇ ಹೇಳಿದೆ. ನಾನು ಅದಕ್ಕಿಂತಲೂ ಮುಂದೆ ಹೋಗಿ ಹೇಳುತ್ತೇನೆ, ಜಾಸ್ತಿ ಕಲಿಸಬೇಕು. ನಮ್ಮ ಜಿಲ್ಲೆಯ ಮಗುವಿಗೆ ಗೇರುಸೊಪ್ಪೆಯ ಚತುರ್ಮುಖ ಬಸದಿ ಯಾರದ್ದು ಎಂದು ಗೊತ್ತಿರಬೇಕು. ಸೋಂದೆಯಲ್ಲಿ ಸ್ವರ್ಣವಲ್ಲಿ ಮಠ, ವಾದಿರಾಜ ಮಠ, ಜೈನ ಮಠ ಮೂರೂ ಹತ್ತಿರ ಹತ್ತಿರ ಇರುವುದು ಹೇಗೆ ಎಂದು ಕೇಳಬೇಕು. ಪಕ್ಕದ ಬೆಂಚಿನ ಗೆಳತಿ ರಂಜಾನಿನಲ್ಲಿ ಏಕೆ ಉಪವಾಸ ಇರುತ್ತಾಳೆ, ಗೆಳೆಯ ಗುಡ್ ಫ್ರೈಡೆಗೆ ಏಕೆ ಚರ್ಚಿಗೆ ಹೋಗುತ್ತಾನೆ, ಇದೆಲ್ಲ ಗೊತ್ತಿರಬೇಕು. ಈಗ ಪ್ರಾರ್ಥನೆಗೆ ಜಗಳ ಆಡುವ ನಾವು ಇದನ್ನು ಕಲಿಸುವುದೇ ಇಲ್ಲ.

ಭಟ್ಕಳದ ತಾಯಿ

ನಾನು ಸಾಮಾನ್ಯವಾಗಿ ಇಂಥ ಚರ್ಚೆಯಲ್ಲಿ ಬರೆಯುವುದಿಲ್ಲ. ಬರೆದ ಕೂಡಲೇ ಹಿಜಾಬ್ ವಿಷಯ ಎಳೆದು ತರುತ್ತಾರೆ ಎಂಬ ಭಯ. ದಯವಿಟ್ಟು ಈ ಸಲ ಬೇಡ.

ನನ್ನ ಮಗಳು ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದಳು. ಬೆಳಿಗ್ಗೆ ದೇವರ ಹಾಡು ಇತ್ತು. ಅಕ್ಕೋರು ತುಂಬಾ ಒಳ್ಳೆಯವರು. ನಿನಗೆ ಬೇಡವಾದರೆ ಸುಮ್ನೆ ನಿಂತರೆ ಸಾಕು ಎಂದು ಹೇಳಿದ್ದರು. ಅವರ ಮನಸ್ಸು ದೊಡ್ಡದು. ಆದರೂ ಮಗಳು ದಿನಾ ತುಟಿ ಅಲ್ಲಾಡಿಸುತ್ತಿದ್ದಳು. ಎಲ್ಲರೂ ಹಾಡುವಾಗ ತಾನೊಬ್ಬಳೇ ಬಾಯಿ ಮುಚ್ಚಿ ನಿಂತರೆ ಎಲ್ಲರೂ ನೋಡುತ್ತಾರೆ ಅಂತ. ಮನೆಗೆ ಬಂದು, ಅಮ್ಮಾ ನಾನು ಹಾಡಲಿಲ್ಲ, ಹಾಡಿದ ಹಾಗೆ ಮಾಡಿದೆ, ಅದು ತಪ್ಪಾ ಎಂದು ಕೇಳುತ್ತಿದ್ದಳು. ಮೂರನೇ ಕ್ಲಾಸಿನ ಮಗುವಿಗೆ ಈ ಕಷ್ಟ ಏಕೆ?

ಬೇಡದವರು ಸುಮ್ಮನಿರಿ ಎನ್ನುವವರು ಇದನ್ನು ಯೋಚಿಸಿ. ಇನ್ನೊಂದು ಮಾತು, ನನಗೆ ಶಾಲೆಯಲ್ಲಿ ನಮ್ಮ ದುವಾ ಕೂಡ ಬೇಡ. ನಾವು ಮನೆಯಲ್ಲಿ ಕಲಿಸುತ್ತೇವೆ. ಶುಕ್ರವಾರ ಒಂದು ದಿನ ದುವಾ ಇಟ್ಟರೆ ನನ್ನ ಮಗಳ ಗೆಳತಿಯ ತಾಯಿಗೆ ಅದೇ ಸಂಕಟ ಆಗುತ್ತದೆ. ನನ್ನ ಸಂಕಟವನ್ನು ಅವಳಿಗೆ ಹಂಚುವುದು ನನಗೆ ಬೇಕಾಗಿಲ್ಲ.

ಕಾಳಿ ತೀರ, ಕಾರವಾರ

ಅಕ್ಕಾ, ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಿಮ್ಮ ಅನುಮತಿ ಇದ್ದರೆ ಹೆಸರು, ಊರು ಹೇಳದೆ ಇದನ್ನು ಸಭೆಯಲ್ಲಿ ಓದುತ್ತೇನೆ.

ಭಟ್ಕಳದ ತಾಯಿ

ಓದಿ.

ಅಂಕೋಲೆಯ ಹುಡುಗ

ಸರದಿ ಪ್ರಾರ್ಥನೆ ಎಲ್ಲರಿಗೂ ಖುಷಿ ಕೊಡುತ್ತದೆ ಎನ್ನುವವರಿಗೆ ಎರಡು ಘಟನೆ. 2019ರಲ್ಲಿ ಉತ್ತರ ಪ್ರದೇಶದ ಪಿಲಿಭಿತ್‌ನಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಇಕ್ಬಾಲರ ಉರ್ದು ಪ್ರಾರ್ಥನೆ ಹಾಡಿದರು ಎಂದು ಮುಖ್ಯ ಶಿಕ್ಷಕರನ್ನೇ ಅಮಾನತು ಮಾಡಿದರು. 2022ರಲ್ಲಿ ಕಾಶ್ಮೀರದ ಕುಲ್ಗಾಮ್‌ನಲ್ಲಿ ಮಕ್ಕಳ ಕೈಲಿ 'ರಘುಪತಿ ರಾಘವ' ಹಾಡಿಸಿದ್ದಕ್ಕೆ ಅಲ್ಲಿ ದೊಡ್ಡ ಆಕ್ಷೇಪ ಬಂತು. ಎರಡೂ ಹಾಡು ಒಳ್ಳೆಯವೇ. ಎರಡೂ ಕಡೆ ನಡುವೆ ಸಿಕ್ಕಿಕೊಂಡದ್ದು ಮಕ್ಕಳು ಮತ್ತು ಮಾಸ್ತರು.

ಘಟ್ಟದ ಮೇಲಿನವ, ಶಿರಸಿ

ಭಟ್ಕಳದ ತಾಯಿಯ ಮಾತು ಓದಿ ನೋವಾಯಿತು. ಅಂಥ ಮಗುವನ್ನು ಬಲವಂತ ಮಾಡಿ ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ಒಂದು ಮಗುವಿಗೆ ಕಷ್ಟ ಎಂದು ನೂರು ಮಕ್ಕಳಿಗೆ ಸಿಗುವುದನ್ನು ನಿಲ್ಲಿಸುವುದಾ? ಬೇರೆ ದಾರಿ ಹುಡುಕಬಹುದು. 2011ರಲ್ಲಿ ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನ ಶಾಲೆಗಳಿಗೆ ಬಂದಾಗ ಎಷ್ಟೊಂದು ವಿರೋಧ ಆಯಿತು, ಕೋರ್ಟಿಗೂ ಹೋಯಿತು. ಆಗ ಶಿಕ್ಷಣ ಸಚಿವರು ನಮ್ಮ ಶಿರಸಿಯವರೇ. ಇಷ್ಟ ಇದ್ದವರಿಗೆ, ತರಗತಿ ಮುಗಿದ ಮೇಲೆ ಕಲಿಸಿದರೆ ತಪ್ಪೇನು?

ಗಾಂಧೀಜಿ ದಿನಾ ಸರ್ವಧರ್ಮ ಪ್ರಾರ್ಥನೆ ಮಾಡುತ್ತಿದ್ದರಲ್ಲ. ಅವರಿಗಿಂತ ದೊಡ್ಡ ಜಾತ್ಯತೀತರಾ ನಾವು?

ನಿವೃತ್ತ ಮಾಸ್ತರು, ಕುಮಟಾ

ಗಾಂಧೀಜಿ ತಮ್ಮ ಆಶ್ರಮದಲ್ಲಿ, ತಮ್ಮ ಸಭೆಗಳಲ್ಲಿ ಪ್ರಾರ್ಥನೆ ಮಾಡಿದರು. ಬಂದವರು ಇಷ್ಟಪಟ್ಟು ಬಂದವರು. ಅದೇ ಗಾಂಧೀಜಿ 1947ರಲ್ಲಿ, ಧಾರ್ಮಿಕ ಶಿಕ್ಷಣ ಸರ್ಕಾರದ ಕೆಲಸವಲ್ಲ, ಅದನ್ನು ಆಯಾ ಧಾರ್ಮಿಕ ಸಂಸ್ಥೆಗಳೇ ನೋಡಿಕೊಳ್ಳಬೇಕು ಎಂದು ಬರೆದಿದ್ದಾರೆ. ಇದನ್ನು ಯಾರೂ ನೆನಪು ಮಾಡಿಕೊಳ್ಳುವುದಿಲ್ಲ.

ನಾನು ಈ ತಾಲೂಕಿನ ಹಲವು ಶಾಲೆಗಳಲ್ಲಿ ಕೆಲಸ ಮಾಡಿದವನು. ಹಳೆಯ ಮೈಸೂರಿನ ಕಡೆಯವರಿಗೆ 'ಸ್ವಾಮಿ ದೇವನೆ ಲೋಕ ಪಾಲನೆ' ಎಂದರೆ ಬಾಲ್ಯವೇ ಕಣ್ಣ ಮುಂದೆ ಬರುತ್ತದೆ. ನಮ್ಮ ಜಿಲ್ಲೆ 1956ರ ತನಕ ಮುಂಬೈ ಪ್ರಾಂತ್ಯದಲ್ಲಿತ್ತು. ಇಲ್ಲಿನ ರೂಢಿ ಶಾಲೆಯಿಂದ ಶಾಲೆಗೆ ಬೇರೆ. ಒಬ್ಬ ಮಾಸ್ತರು ವರ್ಗವಾಗಿ ಬಂದರೆ ಪ್ರಾರ್ಥನೆಯೂ ಬದಲಾಗುತ್ತಿತ್ತು. ಹಾಗಾಗಿ 'ತಲೆತಲಾಂತರದ ಪ್ರಾರ್ಥನೆ' ಎಂದು ಯಾರಾದರೂ ಹೇಳಿದರೆ ಸ್ವಲ್ಪ ವಿಚಾರಿಸಿ. ಎಷ್ಟೋ ಸಲ ಅದು ಹಿಂದಿನ ಹೆಡ್ ಮಾಸ್ತರರ ಇಷ್ಟದ ಹಾಡು.

ಮಾಸ್ತರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಬೆಳಗಿನ ಆ ಹತ್ತು ನಿಮಿಷ ಬೇಕೇ ಬೇಕು. ಓಡಿ ಬಂದ ಮಕ್ಕಳು ಒಂದು ಕಡೆ ನಿಲ್ಲಬೇಕು, ಉಸಿರು ತಹಬದಿಗೆ ಬರಬೇಕು, ಒಟ್ಟಿಗೆ ಒಂದು ದನಿಯಲ್ಲಿ ಹಾಡಬೇಕು. ಅದು ಇಲ್ಲದೆ ಮೊದಲ ಪಿರಿಯಡ್ ನಡೆಯುವುದಿಲ್ಲ. ಶಿರಸಿಯವರು ಹೇಳುವ ಸಮಾಧಾನ ನಿಜವಾದದ್ದು. ಆದರೆ ಅದಕ್ಕೆ ಬೇಕಾದದ್ದು ಈಗಲೇ ನಮ್ಮ ಕೈಯಲ್ಲಿದೆ. 2004ರಿಂದ ಅಧಿಕೃತವಾದ ಕುವೆಂಪು ಅವರ ನಾಡಗೀತೆ ಇದೆ, ಅದರಲ್ಲಿ ಹಲವು ಧರ್ಮದವರ ಹೆಸರು ಬರುತ್ತದೆ. ರಾಷ್ಟ್ರಗೀತೆ ಇದೆ. 2023ರಿಂದ ಸಂವಿಧಾನದ ಪೀಠಿಕೆ ಓದುವುದೂ ಇದೆ. ಅದನ್ನು ಗಿಳಿಪಾಠ ಮಾಡದೆ ದಿನಕ್ಕೊಂದು ಸಾಲಿನ ಅರ್ಥ ಹೇಳಿದರೆ ಸಾಕು. ಜೊತೆಗೆ ಒಂದು ನಿಮಿಷ ಮೌನ. ಆ ಮೌನದಲ್ಲಿ ಮಗು ಗಣಪತಿಯನ್ನು ನೆನೆಯಲಿ, ಅಲ್ಲಾಹನನ್ನು ನೆನೆಯಲಿ, ಯೇಸುವನ್ನು ನೆನೆಯಲಿ, ಬೇಕಾದರೆ ತನ್ನ ಕರುವನ್ನೇ ನೆನೆಯಲಿ. ಯಾರೂ ಕೇಳುವುದಿಲ್ಲ.

ಕಡಲಾಚೆ

ಕಾರವಾರದವನೇ, ಈಗ ನ್ಯೂಜೆರ್ಸಿಯಲ್ಲಿ ಇದ್ದೇನೆ. ಎಲ್ಲರೂ ಒಪ್ಪುವ ಒಂದು ಪ್ರಾರ್ಥನೆಯನ್ನೇ ಬರೆಯೋಣ ಎನ್ನುವ ಯೋಚನೆ ಇಲ್ಲಿ ಮೊದಲೇ ಆಗಿ ಹೋಗಿದೆ. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ 1951ರಲ್ಲಿ ಒಂದು ಚಿಕ್ಕ ಪ್ರಾರ್ಥನೆ ತಯಾರಿಸಿತು. ಇಂಗ್ಲಿಷಿನಲ್ಲಿ ಬರೀ 22 ಪದ. ಯಾವ ಪಂಗಡದ ಹೆಸರೂ ಇಲ್ಲ. ಬೇಡದ ಮಕ್ಕಳು ಹೇಳದೇ ಇರಬಹುದಿತ್ತು. ಆದರೂ ಕೆಲವು ಪಾಲಕರು ಕೋರ್ಟಿಗೆ ಹೋದರು. 1962ರಲ್ಲಿ ಎಂಗೆಲ್ ವರ್ಸಸ್ ವಿಟಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 6-1ರಿಂದ ಅದನ್ನು ರದ್ದು ಮಾಡಿತು. ಪ್ರಾರ್ಥನೆ ಬರೆದು ಕೊಡುವುದು ಸರ್ಕಾರದ ಕೆಲಸವೇ ಅಲ್ಲ ಎಂಬುದು ಅದರ ತಿರುಳು. ಮರು ವರ್ಷ ಶಾಲೆ ನಡೆಸುವ ಬೈಬಲ್ ಓದನ್ನೂ ನಿಲ್ಲಿಸಿದರು. ಆದರೆ ಬೈಬಲನ್ನು ಪಾಠವಾಗಿ ಅಭ್ಯಾಸ ಮಾಡಬಹುದು ಎಂದು ಅದೇ ತೀರ್ಪಿನಲ್ಲಿ ಹೇಳಿದರು.

ಕೋರ್ಟು ದೇವರನ್ನೇ ಶಾಲೆಯಿಂದ ಓಡಿಸಿತು ಎಂದು ಇಲ್ಲೂ ಜನ ಬೈಯುತ್ತಾರೆ. ಅದು ನಿಜವಲ್ಲ. ಮಗು ಪರೀಕ್ಷೆಗೆ ಮೊದಲು ತನ್ನಷ್ಟಕ್ಕೆ ಪ್ರಾರ್ಥಿಸಬಹುದು, ಗೆಳೆಯರ ಜೊತೆ ಊಟದ ಹೊತ್ತಿಗೆ ಪ್ರಾರ್ಥಿಸಬಹುದು. 2022ರಲ್ಲಿ ಆಟ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸಿದ ಫುಟ್‌ಬಾಲ್ ಕೋಚ್ ಒಬ್ಬರ ಪರವಾಗಿಯೂ ತೀರ್ಪು ಬಂದಿದೆ. ಅದು 6-3. ಕೋಚ್ ಮಂಡಿಯೂರಿದರೆ ಆಟಗಾರ ಹುಡುಗರಿಗೆ ಒತ್ತಡ ಆಗುವುದಿಲ್ಲವಾ ಎಂದು ಉಳಿದ ಮೂವರು ಕೇಳಿದರು. ನನಗೆ ಆ ಮೂವರ ಪ್ರಶ್ನೆಯೇ ಸರಿ ಅನ್ನಿಸುತ್ತದೆ.

ಹಳಿಯಾಳದ ಕಾಡಂಚು

ನಾವು ಸಿದ್ದಿಗಳು. ನಮ್ಮ ಸಮುದಾಯದಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ನಮ್ಮ ಹಬ್ಬಕ್ಕೆ ಎಲ್ಲರೂ ಡಮಾಮಿ ಬಾರಿಸುತ್ತೇವೆ. ನಮ್ಮ ಮಕ್ಕಳನ್ನು ಪ್ರಾರ್ಥನೆಯ ಹೆಸರಲ್ಲಿ ಮೂರು ಸಾಲು ಮಾಡಿದರೆ ಒಡೆಯುವುದು ನಮ್ಮದೇ ಕೇರಿ. ಶಾಲೆಯಲ್ಲಿ ಒಂದೇ ಸಾಲು ಇರಲಿ.

ಕೈಗಾ ಕಾಲನಿ

ಹಾಗಾದರೆ ನವರಾತ್ರಿಯ ಶಾರದಾ ಪೂಜೆ? ಅದನ್ನೂ ನಿಲ್ಲಿಸುತ್ತೀರಾ? ನಮ್ಮ ಜಿಲ್ಲೆಯಲ್ಲಿ ಅದು ಊರ ಹಬ್ಬದ ಹಾಗೆ. ಎಲ್ಲ ಮಕ್ಕಳೂ ಪ್ರಸಾದ ತಿನ್ನುತ್ತಾರೆ.

ನಿವೃತ್ತ ಮಾಸ್ತರು, ಕುಮಟಾ

ಇದಕ್ಕೆ ಕೈ ಹಾಕುವಾಗ ಜಾಗ್ರತೆ. 2024ರಲ್ಲಿ ವಸತಿ ಶಾಲೆಗಳಲ್ಲಿ ಧಾರ್ಮಿಕ ಹಬ್ಬ ಬೇಡ ಎಂಬ ಸುತ್ತೋಲೆ ಬಂತು, 'ಕೈ ಮುಗಿದು ಒಳಗೆ ಬಾ' ಎಂಬ ಬರಹ ಬದಲಾಗಿ 'ಧೈರ್ಯವಾಗಿ ಪ್ರಶ್ನಿಸಿ' ಆಯಿತು. ಎಷ್ಟು ಗದ್ದಲ ಎದ್ದಿತು ಎಂದು ಎಲ್ಲರೂ ನೋಡಿದ್ದೀರಿ. ಮೇಲಿನಿಂದ ಒಂದು ಕಾಗದ ಬಂದರೆ ಜನ ಸಿಟ್ಟಾಗುತ್ತಾರೆ. ಪಾಲಕರೇ ಕೂತು ಮಾತಾಡಿದರೆ ಎಷ್ಟೋ ಸುಲಭ.

ಕಾಳಿ ತೀರ, ಕಾರವಾರ

ಶಾರದಾ ಪೂಜೆಯ ಪ್ರಶ್ನೆ ಇದರಲ್ಲೆಲ್ಲ ಕಷ್ಟದ್ದು. ನಾನೂ ಅದನ್ನು ಪ್ರೀತಿಸುವವಳು. ಆದರೆ ದಿನಾ ಬೆಳಿಗ್ಗೆ ಹೇಳಿಸುವುದಕ್ಕೂ ವರ್ಷಕ್ಕೊಮ್ಮೆ ಊರೇ ಸೇರುವುದಕ್ಕೂ ವ್ಯತ್ಯಾಸ ಇದೆ. ಊರವರು ಸಂಜೆ ಸೇರಿ ಮಾಡಲಿ. ಶಾಲೆಯ ಖಾತೆಯ ಹಣ ಅದಕ್ಕೆ ಹೋಗಬಾರದು. ಮಕ್ಕಳಿಂದ ಕಡ್ಡಾಯ ಪಟ್ಟಿ (ಚಂದಾ) ಎತ್ತಬಾರದು. ಬಾರದ ಮಗುವಿನ ಹಾಜರಿ ಕಡಿಯಬಾರದು. ನಾಳೆ ಬೇರೆ ಧರ್ಮದವರು ಶಾಲೆ ಬಿಟ್ಟ ಮೇಲೆ ಅದೇ ಅಂಗಳ ಕೇಳಿದರೆ ಇಲ್ಲ ಎನ್ನಬಾರದು. ಶಿರಸಿಯವರು ಕೇಳಿದ ಗೀತೆಯ ತರಗತಿಗೂ ನನ್ನ ಉತ್ತರ ಇದೇ. ಶಾಲೆಯ ಹೊತ್ತು ಮುಗಿದ ಮೇಲೆ, ಶಾಲೆಯ ಮಾಸ್ತರು ಕಲಿಸದೆ, ಪೋಷಕರು ಬರೆದು ಒಪ್ಪಿಗೆ ಕೊಟ್ಟ ಮಕ್ಕಳಿಗೆ ಮಾತ್ರ. ಅದಕ್ಕಿಂತ ಮಠದ ಸಭಾಂಗಣ ಇನ್ನೂ ಒಳ್ಳೆಯ ಜಾಗ.

ಬಡವರ ಮಕ್ಕಳಿಗೆ ಏನೂ ಸಿಗುವುದಿಲ್ಲ ಎಂಬ ನಿಮ್ಮ ಮಾತು ನನ್ನನ್ನು ತುಂಬಾ ಕಾಡಿತು. ಆದರೆ ನಮ್ಮೂರಿನಲ್ಲಿ ಸರ್ಕಾರಿ ಶಾಲೆ ಬಿಟ್ಟು ಹೋದ ಪಾಲಕರನ್ನು ಕೇಳಿದ್ದೇನೆ. ಶ್ಲೋಕ ಇಲ್ಲ ಎಂದು ಯಾರೂ ಹೇಳಲಿಲ್ಲ. ಇಂಗ್ಲಿಷ್ ಬರುವುದಿಲ್ಲ, ಮಾಸ್ತರು ಸಾಲದು, ಮಳೆಗಾಲದಲ್ಲಿ ಮಾಡು ಸೋರುತ್ತದೆ, ಇವೇ ಕಾರಣ. ಶನಿವಾರದ ಸಭೆಯಲ್ಲಿ ಮಾಡಿನ ವಿಷಯಕ್ಕೂ ಇಷ್ಟೇ ಹೊತ್ತು ಕೊಡಿ ಎಂದು ಕೇಳುತ್ತೇನೆ.

ಅಂಕೋಲೆಯ ಹುಡುಗ

ಸಭೆಯಲ್ಲಿ ಯಾರಾದರೂ, ಮೌನ ನಿಂತರೆ ಅಗೌರವ ಎಂದರೆ ಬಿಜೋ ಇಮ್ಯಾನುಯೆಲ್ ತೀರ್ಪು ಹೇಳಿ. ಕೇರಳದ ಮೂವರು ಅಣ್ಣತಂಗಿಯರು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಧರ್ಮದ ಕಾರಣಕ್ಕೆ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಿದರು. 1986ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ರಾಷ್ಟ್ರಗೀತೆಗೇ ಈ ಮಾತು ಅನ್ವಯಿಸುವುದಾದರೆ ಶ್ಲೋಕಕ್ಕೆ ಹೇಳಬೇಕಾ?

ಕಾಳಿ ತೀರ, ಕಾರವಾರ

ಸಭೆಗೆ ಬರೆದುಕೊಂಡದ್ದು ಇದು: ಬೆಳಗಿನ ಸಾಲಿನಲ್ಲಿ ನಾಡಗೀತೆ, ಪೀಠಿಕೆ, ಒಂದು ನಿಮಿಷ ಮೌನ, ರಾಷ್ಟ್ರಗೀತೆ. ಯಾವ ಧರ್ಮದ ಪ್ರಾರ್ಥನೆಯನ್ನೂ ಶಾಲೆ ಹೇಳಿಸುವುದಿಲ್ಲ. ತನ್ನಷ್ಟಕ್ಕೆ ಪ್ರಾರ್ಥಿಸುವ ಮಗುವನ್ನು ಯಾರೂ ತಡೆಯುವುದಿಲ್ಲ. ತಿಂಗಳಿಗೊಮ್ಮೆ ಊರಿನ ಒಂದು ಹಬ್ಬದ ಬಗ್ಗೆ ಆ ಮನೆಯ ಮಕ್ಕಳೇ ಉಳಿದವರಿಗೆ ಹೇಳುತ್ತಾರೆ. ಏನಾದರೂ ಬಿಟ್ಟು ಹೋಗಿದೆಯಾ?

ಭಟ್ಕಳದ ತಾಯಿ

ಹಬ್ಬದ ಬಗ್ಗೆ ಹೇಳಲು ಇಷ್ಟ ಇಲ್ಲದ ಮಗುವನ್ನು ಎಬ್ಬಿಸಿ ನಿಲ್ಲಿಸಬೇಡಿ. ಅದನ್ನೂ ಬರೆಯಿರಿ.

ಕಾಳಿ ತೀರ, ಕಾರವಾರ

ಬರೆದೆ.

ಘಟ್ಟದ ಮೇಲಿನವ, ಶಿರಸಿ

ಮೌನ ಒಂದು ನಿಮಿಷ ಸಾಲದು, ಎರಡು ಮಾಡಿ. ಹಬ್ಬದ ವಿಷಯ ಒಳ್ಳೆಯದೇ, ನಮ್ಮ ಶಾಲೆಯಲ್ಲೂ ಹೇಳುತ್ತೇನೆ. ಶ್ಲೋಕದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದೊಂದು ಇದ್ದಿದ್ದರೆ ಮಕ್ಕಳಿಗೆ ಒಳ್ಳೆಯದಿತ್ತು ಎಂದೇ ನಂಬುತ್ತೇನೆ. ಶನಿವಾರ ಏನಾಯಿತು ಎಂದು ಇಲ್ಲೇ ತಿಳಿಸಿ. ಮಾಡಿನ ವಿಷಯವನ್ನೂ.